ಕಟ್ಟದ ಸರಪಳಿ ದೇವರ ಚಿತ್ತವಲ್ಲ



ರಾತ್ರಿ ಒಂಬತ್ತರ ಹೊತ್ತು ಎಂದು ಎಣಿಸಿಕೊಳ್ಳಿ. ನೀವು ಮದುವೆಯ ಊಟ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಮರಳುತ್ತಿದ್ದೀರಿ. ಹಿಂದೆ ಹೆಂಡತಿ, ನಡುವೆ ನಿದ್ದೆಗಣ್ಣಿನ ಮಗು. ಎದುರಿನಿಂದ ಬಂದ ಬಸ್ಸಿನ ದೀಪ ಕಣ್ಣು ಕುಕ್ಕಿತು. ಅದು ದಾಟಿದ ಮರುಕ್ಷಣ ಮುಂದೆ ಏನೋ ಕಪ್ಪಗೆ ಕಂಡಂತಾಯಿತು. ಬ್ರೇಕು ಒತ್ತಿದಿರಿ. ಗಾಡಿ ನಿಂತಾಗ ನಿಮ್ಮ ಎದೆಯ ಮಟ್ಟಕ್ಕೆ, ಒಂದು ಗೇಣಿನಷ್ಟು ದೂರದಲ್ಲಿ, ಕಬ್ಬಿಣದ ಸರಳುಗಳ ಕಟ್ಟು ಇತ್ತು. ರಸ್ತೆ ಬದಿಯಲ್ಲಿ ನಿಂತ ಲಾರಿಯ ಹಿಂಭಾಗದಿಂದ ಅವು ಹೊರಚಾಚಿದ್ದವು. ತುದಿಯಲ್ಲಿ ಒಂದು ಕೆಂಪು ಬಟ್ಟೆಯೂ ಇಲ್ಲ, ದೀಪವೂ ಇಲ್ಲ. ಮನೆಗೆ ಬಂದವರೇ ನೀವು ದೇವರಿಗೆ ವಂದನೆ ಹೇಳಿದಿರಿ. ಹೇಳಲೇಬೇಕು.

ಆದರೆ ಆ ಒಂದು ಗೇಣು ಎಲ್ಲರಿಗೂ ಸಿಗುವುದಿಲ್ಲ. ಸಿಗದವರ ಮನೆಗೆ ನಾವು ಹೋಗಿ ಕುಳಿತುಕೊಳ್ಳುತ್ತೇವೆ. ಏನು ಮಾತಾಡಬೇಕೆಂದು ತೋಚುವುದಿಲ್ಲ. ಕೊನೆಗೆ ಎದ್ದು ಬರುವಾಗ ಒಂದು ಮಾತು ಹೇಳುತ್ತೇವೆ: "ದೇವರ ಚಿತ್ತ ಅಮ್ಮಾ, ನಾವೇನು ಮಾಡಲಿಕ್ಕಾಗುತ್ತದೆ?"

ಈ ಮಾತನ್ನು ನಾವು ಕನಿಕರದಿಂದಲೇ ಆಡುತ್ತೇವೆ, ಸಂಶಯವಿಲ್ಲ. ಆದರೆ ಅದು ನಿಜವೇ? ಒಬ್ಬನು ಕಟ್ಟದೆ ಬಿಟ್ಟ ಸರಪಳಿಯನ್ನು, ಇನ್ನೊಬ್ಬನು ಉರಿಸದ ದೀಪವನ್ನು ದೇವರ ತಲೆಗೆ ಕಟ್ಟುವುದು ನ್ಯಾಯವೇ? ಈ ವಾರ ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ಯೋಚಿಸೋಣ.

ಕಪ್ಪಗಾದ ಮೇಲೂ ಸುಡುವ ಕಬ್ಬಿಣ

ನಮ್ಮ ನಾಡಿಗೆ ಉಕ್ಕು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಇಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ನಡೆಯುತ್ತಿದೆ. ನಾವು ಕಟ್ಟುವ ಮನೆ, ದೇವಾಲಯ, ಶಾಲೆ ಎಲ್ಲಕ್ಕೂ ಬೇಕಾದ ಕಬ್ಬಿಣ ಲಾರಿಗಳಲ್ಲಿ ಮತ್ತು ಪಕ್ಕದ ಹಲಗೆಗಳಿಲ್ಲದ ಉದ್ದನೆಯ ಟ್ರೇಲರುಗಳಲ್ಲಿ ಬರುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಅಂಥ ಒಂದು ಟ್ರೇಲರಿನ ಹಿಂದೆ ನಿಧಾನವಾಗಿ ತೆವಳಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇರಬಹುದು. ಅದರ ಮೇಲಿರುವ ಹೊರೆ ಎಂಥದ್ದು ಎಂದು ನಾವು ಯೋಚಿಸಿರುವುದಿಲ್ಲ.

ಕಾರ್ಖಾನೆಯಲ್ಲಿ ಕಾಯಿಸಿ ತಟ್ಟಿದ ಉಕ್ಕಿನ ತಗಡನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಚಾಪೆಯಂತೆ ಸುರುಳಿ ಸುತ್ತುತ್ತಾರೆ. ಇದಕ್ಕೆ ಕಾಯಿಲ್ ಎನ್ನುತ್ತಾರೆ. ಒಂದೊಂದು ಕಾಯಿಲ್ 20 ಟನ್ ಅಥವಾ ಅದಕ್ಕಿಂತಲೂ ಹೆಚ್ಚು ತೂಗಬಲ್ಲದು. ಅದು ಪೂರ್ತಿ ತಣಿಯಲು ಹಲವು ದಿನಗಳೇ ಬೇಕು. ಹೊರಗಿನ ಸುತ್ತು ತಣ್ಣಗಾದರೂ ಒಳಗಿನ ಸುತ್ತುಗಳು ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಬೆಂಕಿಯಂತೆ ಕೆಂಪಗಿರುವ ಕಬ್ಬಿಣವನ್ನು ಯಾರೂ ಮುಟ್ಟುವುದಿಲ್ಲ. ಆದರೆ ಸುಮಾರು 500 ಡಿಗ್ರಿಗಿಂತ ಕೆಳಗಿಳಿದ ಮೇಲೆ ಕಬ್ಬಿಣ ಹೊಳೆಯುವುದಿಲ್ಲ. ಕಪ್ಪಗೆ, ಸಾಧುವಾಗಿ ಕಾಣುತ್ತದೆ. 300 ಡಿಗ್ರಿಯ ಕಬ್ಬಿಣಕ್ಕೂ 30 ಡಿಗ್ರಿಯ ಕಬ್ಬಿಣಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಅಷ್ಟೇಕೆ, ಬಳ್ಳಾರಿಯ ಬೇಸಿಗೆಯ ಬಿಸಿಲಿನಲ್ಲಿ ದಿನವಿಡೀ ನಿಂತ ಕಪ್ಪು ತಗಡೂ ಕೈ ಸುಡುವಷ್ಟು ಕಾಯುತ್ತದೆ. 60 ಡಿಗ್ರಿಯ ಲೋಹವನ್ನು ಕೆಲವೇ ಸೆಕೆಂಡು ಹಿಡಿದರೂ ಚರ್ಮ ಬೇಯುತ್ತದೆ. ಬರಿಗೈಯ ಹಮಾಲಿಗೆ ಇದನ್ನು ಯಾರು ಹೇಳಬೇಕು?

ಬಿಸಿಯ ಜೊತೆಗೆ ಅಲಗೂ ಇದೆ. ಕತ್ತರಿಸಿದ ತಗಡಿನ ಅಂಚು ಚೂರಿಯೇ ಸರಿ. ಲಾರಿ ಕುಲುಕಿದಾಗಲೆಲ್ಲ ಅದು ತನ್ನನ್ನು ಕಟ್ಟಿದ ಹಗ್ಗವನ್ನೇ ಗರಗಸದಂತೆ ಕೊಯ್ಯುತ್ತದೆ. ಹಾಗಾಗಿ ಅಂಚಿಗೆ ಗಟ್ಟಿಯಾದ ಕಬ್ಬಿಣದ ಮೂಲೆಪಟ್ಟಿ ಕೊಟ್ಟು, ಅದರ ಮೇಲೆ ಸರಪಳಿ ಬಿಗಿಯಬೇಕು. ಬಿಸಿ ಹೊರೆಗೆ ನೈಲಾನ್ ಹಗ್ಗ, ಪಾಲಿಯೆಸ್ಟರ್ ಪಟ್ಟಿ ಆಗಿಬರುವುದಿಲ್ಲ. ಸುಮಾರು 100 ಡಿಗ್ರಿ ದಾಟಿದರೆ ಅವನ್ನು ನಂಬಬಾರದು. 250 ಡಿಗ್ರಿಯ ಆಸುಪಾಸಿನಲ್ಲಿ ಅವು ಕರಗಿಯೇ ಹೋಗುತ್ತವೆ. ಜಾರದಿರಲೆಂದು ಹಾಸಿದ ರಬ್ಬರು ಹೊಗೆಯಾಡುತ್ತದೆ, ಕೆಳಗೆ ಕೊಟ್ಟ ಮರದ ದಿಮ್ಮಿ ಕರಿಯುತ್ತದೆ, ಮೇಲೆ ಹೊದಿಸಿದ ಟಾರ್ಪಾಲು ಹೊತ್ತಿಕೊಳ್ಳಬಹುದು. ಆದ್ದರಿಂದ ಮೊದಲನೆಯ ಬುದ್ಧಿವಂತಿಕೆ ಎಂದರೆ ತಣಿಯುವವರೆಗೆ ಕಾಯುವುದು. ಕಾಯಲಾಗದಿದ್ದರೆ ಬಿಸಿಗೆಂದೇ ಸಿದ್ಧಪಡಿಸಿದ ವಾಹನ ಮತ್ತು ಸರಪಳಿ ಬೇಕು.

ಇನ್ನೊಂದು ಸೂಕ್ಷ್ಮವಿದೆ. ತಣಿಯುತ್ತಾ ಹೋದಂತೆ ಉಕ್ಕು ಕುಗ್ಗುತ್ತದೆ. ಎರಡು ಮೀಟರ್ ಎತ್ತರದ ಕಾಯಿಲ್ ದಾರಿಯಲ್ಲಿ 200 ಡಿಗ್ರಿಯಷ್ಟು ತಣಿದರೆ ಸುಮಾರು ಐದು ಮಿಲಿಮೀಟರ್ ಕಿರಿದಾಗುತ್ತದೆ. ಹೊರಡುವಾಗ ಬಿಗಿಯಾಗಿದ್ದ ಸರಪಳಿ ಸಡಿಲವಾಗಲು ಅಷ್ಟು ಸಾಕು. ಕಾರ್ಖಾನೆಯ ಗೇಟಿನಲ್ಲಿ ಸರಿಯಾಗಿ ಕಟ್ಟಿದ್ದೆ ಎಂದು ಪ್ರಾಮಾಣಿಕವಾಗಿ ಹೇಳುವ ಚಾಲಕನ ಹೊರೆಯೂ ನೂರು ಮೈಲಿಯಾಚೆ ಸಡಿಲವಾಗಿರಬಹುದು. ಅಮೆರಿಕದ ರಸ್ತೆ ನಿಯಮ ಇದನ್ನು ಅರಿತೇ, ಹೊರೆ ಹೊತ್ತ ಚಾಲಕನು ಮೊದಲ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ಒಳಗೆ ಒಮ್ಮೆ ಇಳಿದು ಕಟ್ಟನ್ನು ಪರೀಕ್ಷಿಸಬೇಕು, ಆಮೇಲೂ ಮೂರು ಗಂಟೆ ಅಥವಾ 150 ಮೈಲಿಯೊಳಗೆ ಮತ್ತೆ ಮತ್ತೆ ನೋಡಬೇಕು ಎಂದು ವಿಧಿಸಿದೆ. ಬ್ರೇಕು ಒತ್ತಿದಾಗ ಮುಂದಕ್ಕೆ ನುಗ್ಗುವ ಹೊರೆಯನ್ನು, ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಲ್ಲಾದರೂ ಕಟ್ಟು ತಡೆದು ಹಿಡಿಯಬೇಕೆಂಬುದೂ ಅದೇ ನಿಯಮ. 20 ಟನ್ನಿನ ಕಾಯಿಲಿಗೆ ಲೆಕ್ಕ ಹಾಕಿದರೆ ಅದು 16 ಟನ್! ಎರಡು ಹಳೆಯ ಹಗ್ಗಗಳಿಂದ ಆಗುವ ಕೆಲಸವೇ ಇದು?

ಕಾಯಿಲನ್ನು ಗಾಡಿಯ ಚಕ್ರದಂತೆ, ಮುಂದಕ್ಕೆ ಉರುಳುವ ಹಾಗೆ ಇಟ್ಟರೆ, ಕಟ್ಟು ಕಡಿದಾಗ ಅದು ನೇರವಾಗಿ ಚಾಲಕನ ಕ್ಯಾಬಿನ್ನಿನ ಮೇಲೆಯೇ ಬರುತ್ತದೆ. ಹಾಗೆ ಇಟ್ಟ ಹೊರೆಗೆ ಅಮೆರಿಕದ ಲಾರಿ ಚಾಲಕರು ಆತ್ಮಹತ್ಯೆಯ ಹೊರೆ ಎಂದೇ ಹೆಸರಿಟ್ಟಿದ್ದಾರೆ. ಅಡ್ಡಕ್ಕೆ ತಿರುಗಿಸಿಟ್ಟರೆ ಚಾಲಕ ಉಳಿದಾನು. ಪಕ್ಕದಲ್ಲಿ ಬರುವವನ ಮೇಲೆ ಉರುಳೀತು. ಹೇಗೆ ಇಟ್ಟರೂ ಎರಡೂ ಬದಿಗೆ ಭದ್ರವಾದ ಬೆಣೆ ಇರಲೇಬೇಕು, ಸರಪಳಿ ಇರಲೇಬೇಕು.

ತಪ್ಪು ಯಾರದು?

ಈಗ ಒಂದು ಅವಘಡವಾಯಿತು ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರನ್ನೂ ಕರೆದು ಕೇಳಿ. ಕ್ರೇನಿನವನು ಹೇಳುತ್ತಾನೆ: "ಎತ್ತಿ ಇಡುವುದಷ್ಟೇ ನನ್ನ ಕೆಲಸ, ಕಟ್ಟುವುದು ಡ್ರೈವರನದ್ದು." ಗೇಟಿನ ಗುಮಾಸ್ತ ಹೇಳುತ್ತಾನೆ: "ನಾನು ತೂಕದ ಚೀಟಿ ನೋಡಿದೆ, ಸರಿಯಾಗಿತ್ತು." ಲಾರಿಯ ಧಣಿ ಹೇಳುತ್ತಾನೆ: "ಸರಪಳಿ ಕೊಡಿಸಿದ್ದೆ, ಅವನು ಕಟ್ಟಲಿಲ್ಲ." ಚಾಲಕ ಹೇಳುತ್ತಾನೆ: "ಬೆಳಗಾಗುವುದರೊಳಗೆ ತಲುಪಬೇಕು ಅಂದರು, ನಿಲ್ಲಿಸಿ ನೋಡಲು ಪುರುಸೊತ್ತೆಲ್ಲಿ?" ಅಂಗಡಿಯವನು ಹೇಳುತ್ತಾನೆ: "ಗಿರಾಕಿ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು." ಆ ಗಿರಾಕಿ ಯಾರು? ಮನೆ ಕಟ್ಟಿಸುತ್ತಿರುವ ನಾವೇ.

ನೋಡಿ, ಇಲ್ಲಿ ಯಾರ ಮನಸ್ಸಿನಲ್ಲೂ ಕೊಲ್ಲುವ ಯೋಚನೆಯಿಲ್ಲ. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆದರೂ ಒಂದು ಮನೆಯ ದೀಪ ಆರಿತು. ತಪ್ಪನ್ನು ಆರು ಜನ ಹಂಚಿಕೊಂಡರೆ ಒಬ್ಬೊಬ್ಬನ ಪಾಲು ಆರರಲ್ಲಿ ಒಂದಾಗುತ್ತದೆಯೇ? ಹಾಗೆಂದು ನಮ್ಮ ಮನಸ್ಸು ನಮಗೆ ಸಮಾಧಾನ ಹೇಳುತ್ತದೆ. ಆದರೆ ಸರಪಳಿಯ ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ಕಳಚಿತು. ಯಾವ ಕೊಂಡಿಯೂ "ನಾನು ಆರರಲ್ಲಿ ಒಂದು ಪಾಲು ಮಾತ್ರ" ಎಂದು ಹೇಳುವಂತಿಲ್ಲ.

ಈ ವಿಷಯದಲ್ಲಿ ದೇಶದ ಕಾನೂನೂ ತನ್ನ ಮಾತು ಹೇಳಿದೆ. ಲಾರಿಯ ಹಿಂದೆ ಒಂದು ಮೀಟರಿನವರೆಗೆ ಸರಕು ಹೊರಚಾಚಲು 1989ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿತ್ತು. 2014ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿಯ ಮೇಲೆ, ಮಿತಿ ಮೀರಿ ಹೊರಚಾಚಿದ ಹೊರೆಗೆ ಕಾಯಿದೆಯಲ್ಲಿ 20,000 ರೂಪಾಯಿ ದಂಡವಿದೆ. ಸರಕು ಇಳಿಸುವ ಖರ್ಚು ಬೇರೆ. ಗಮನಿಸಬೇಕಾದದ್ದು ದಂಡದ ಮೊತ್ತವನ್ನಲ್ಲ. ಆ ಕಲಮು ಗಾಡಿ ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ; ಹಾಗೆ ಓಡಿಸಲು ಕಾರಣನಾದವನನ್ನೂ, ಓಡಿಸಲು ಬಿಟ್ಟವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಮಾಳಿಗೆಯ ಕಟ್ಟೆಗೋಡೆ

ಕಾನೂನು ಇಂದು ಹೇಳಿದ್ದನ್ನು ಪವಿತ್ರ ಗ್ರಂಥ ಎಂದೋ ಹೇಳಿದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುವ ಒಂದು ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕಟ್ಟೆಗೋಡೆಯನ್ನು ಕಟ್ಟಬೇಕು. ಕಟ್ಟದೆ ಬಿಟ್ಟು ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ. ಬಿದ್ದವನು ತಾನೇ ಕಾಲು ಜಾರಿ ಬಿದ್ದಿರಬಹುದು. ಮನೆಯವನು ಅವನನ್ನು ನೂಕಲಿಲ್ಲ. ಆದರೂ ದೇವರು ಕೇಳುವ ಪ್ರಶ್ನೆ ಬೇರೆ: ಜನ ಓಡಾಡುವ ಜಾಗವೆಂದು ನಿನಗೆ ಗೊತ್ತಿತ್ತಲ್ಲ, ಗೋಡೆ ಏಕೆ ಕಟ್ಟಲಿಲ್ಲ?

ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಿದೆ. ಎತ್ತು ಇದ್ದಕ್ಕಿದ್ದಂತೆ ಯಾರನ್ನಾದರೂ ಹಾದು ಕೊಂದರೆ ಯಜಮಾನನಿಗೆ ಶಿಕ್ಷೆಯಿಲ್ಲ. ಆದರೆ ಆ ಎತ್ತಿಗೆ ಹಾಯುವ ಚಾಳಿಯಿದೆ ಎಂದು ಮೊದಲೇ ಎಚ್ಚರಿಸಿದ್ದರೂ ಅವನು ಕಟ್ಟಿಹಾಕದಿದ್ದರೆ ಅವನೂ ಮರಣಶಿಕ್ಷೆಗೆ ಗುರಿ. ವ್ಯತ್ಯಾಸ ಎಲ್ಲಿದೆ ನೋಡಿ. ಎತ್ತು ಎರಡು ಕಡೆಯೂ ಒಂದೇ, ಸಾವೂ ಒಂದೇ. ಯಜಮಾನನಿಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ ಎಂಬುದೇ ವ್ಯತ್ಯಾಸ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಅಪಾಯದ ಹೊಣೆ ಅದನ್ನು ಬಲ್ಲವನದು. ಕಪ್ಪಗೆ ಕಾಣುವ ಕಬ್ಬಿಣ ಇನ್ನೂ ಸುಡುತ್ತಿದೆ ಎಂದು ಕಾರ್ಖಾನೆಯವನಿಗೆ ಗೊತ್ತು, ಹಮಾಲಿಗೆ ಗೊತ್ತಿಲ್ಲ. ಸರಳು ಹೊರಗೆ ಚಾಚಿದೆ ಎಂದು ಚಾಲಕನಿಗೆ ಗೊತ್ತು, ಸ್ಕೂಟರಿನವನಿಗೆ ಗೊತ್ತಿಲ್ಲ. ಸರಪಳಿ ಹಳೆಯದೆಂದು ಧಣಿಗೆ ಗೊತ್ತು, ಚಾಲಕನ ಹೆಂಡತಿಗೆ ಗೊತ್ತಿಲ್ಲ. ಬಲ್ಲವನು ಬಾಯಿಬಿಡದೆ ಇದ್ದರೆ, ಅರಿಯದವನು ತನ್ನ ದೇಹದಿಂದ ಬೆಲೆ ತೆರುತ್ತಾನೆ.

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮಬೋಧನಾ ಗ್ರಂಥವೂ ಐದನೆಯ ಕಟ್ಟಳೆಯನ್ನು ವಿವರಿಸುವಾಗ ಇದನ್ನೇ ಹೇಳುತ್ತದೆ. ಉದ್ದೇಶವಿಲ್ಲದೆ ಸಂಭವಿಸಿದ ಸಾವು ಕೊಲೆಯ ಪಾಪವಲ್ಲ; ಆದರೆ ತಕ್ಕ ಕಾರಣವಿಲ್ಲದೆ ಸಾವಿಗೆ ಎಡೆಗೊಡುವಂತೆ ನಡೆದುಕೊಂಡವನು ತನಗೆ ಉದ್ದೇಶವಿರಲಿಲ್ಲ ಎಂಬ ಮಾತ್ರಕ್ಕೆ ನಿರ್ದೋಷಿಯಾಗುವುದಿಲ್ಲ. ರಸ್ತೆಯಲ್ಲಿ ತನ್ನ ಹಾಗೂ ಪರರ ಜೀವವನ್ನು ಅಪಾಯಕ್ಕೆ ಒಡ್ಡುವುದನ್ನೂ ಅದು ಘೋರ ಅಪರಾಧವೆಂದು ಎಣಿಸುತ್ತದೆ. 2007ರಲ್ಲಿ ವ್ಯಾಟಿಕನ್ ರಸ್ತೆಯ ಬಗ್ಗೆಯೇ ಒಂದು ಮಾರ್ಗದರ್ಶಿ ಪತ್ರವನ್ನು ಹೊರಡಿಸಿ, ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಅದರಲ್ಲಿ ಸೇರಿಸಿತು. ಅದರ ಕೊನೆಯ ಕಟ್ಟಳೆ ಪರರ ಬಗೆಗೆ ಹೊಣೆಯರಿತಿರಬೇಕು ಎಂಬುದು.

ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿ ಛತ್ರಕ್ಕೆ ಕರೆದೊಯ್ದವನು ನಿಜವಾದ ನೆರೆಯವನು. ಅದೇ ದಾರಿಯಲ್ಲಿ ಯಾರೂ ಗಾಯಗೊಳ್ಳದಂತೆ ತನ್ನ ಹೊರೆಯನ್ನು ಭದ್ರವಾಗಿ ಕಟ್ಟಿಕೊಂಡು ಹೋದವನೂ ನೆರೆಯವನೇ ಅಲ್ಲವೇ? ಅವನಿಗೆ ಯಾರೂ ವಂದನೆ ಹೇಳುವುದಿಲ್ಲ. ಅವನಿಂದ ಬದುಕಿದವರು ಯಾರೆಂದು ಅವನಿಗೂ ತಿಳಿಯದು, ಅವರಿಗೂ ತಿಳಿಯದು. ದೇವರಿಗೆ ಮಾತ್ರ ತಿಳಿದಿರುತ್ತದೆ.

ಬಡ ಚಾಲಕನ ಮಾತು

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಒಬ್ಬರು ಕೇಳಬಹುದು: "ಹೇಳುವುದು ಸುಲಭ. ನಮ್ಮವರು ಲಾರಿ ಡ್ರೈವರು. ಸಂಬಳ ಟ್ರಿಪ್ಪಿನ ಲೆಕ್ಕ. ಹೊರೆ ಸರಿಯಿಲ್ಲ, ನಾನು ಒಯ್ಯುವುದಿಲ್ಲ ಅಂದರೆ ಧಣಿ ಇನ್ನೊಬ್ಬನಿಗೆ ಕೀಲಿಕೈ ಕೊಡುತ್ತಾನೆ. ಹೊರೆ ಹೇಗೂ ಹೋಗುತ್ತದೆ, ನಮ್ಮ ಮನೆಯ ಒಲೆ ಮಾತ್ರ ಆರುತ್ತದೆ. ಆಗ ಏನು ಮಾಡುವುದು?"

ಇದು ನಿಜವಾದ ಪ್ರಶ್ನೆ. ಇದಕ್ಕೆ ಮೇಲಿನಿಂದ ಉಪದೇಶ ಮಾಡುವುದು ಸರಿಯಲ್ಲ. ಹಸಿದ ಮಕ್ಕಳಿರುವವನ ಸ್ವಾತಂತ್ರ್ಯವೂ, ಕುರ್ಚಿಯಲ್ಲಿ ಕುಳಿತು ಆಜ್ಞೆ ಕೊಡುವವನ ಸ್ವಾತಂತ್ರ್ಯವೂ ಒಂದೇ ಅಲ್ಲ. ಹೆಚ್ಚು ಕೊಡಲ್ಪಟ್ಟವನಿಂದ ಹೆಚ್ಚು ಲೆಕ್ಕ ಕೇಳಲಾಗುತ್ತದೆ ಎಂಬುದು ಶುಭಸಂದೇಶದ ಬೋಧನೆ. ಗಡುವನ್ನು ನಿಗದಿ ಮಾಡಿದವನ, ಹೊಸ ಸರಪಳಿಯ ಖರ್ಚನ್ನು ಉಳಿಸಿಕೊಂಡವನ, ತಣಿಯುವ ಮೊದಲೇ ಹೊರೆಯನ್ನು ಹೊರಗೆ ಕಳುಹಿಸಿದವನ ಹೊಣೆ ಚಾಲಕನದ್ದಕ್ಕಿಂತ ದೊಡ್ಡದು. ಅವಘಡವಾದಾಗ ನಾವು ಕಣ್ಣಿಗೆ ಬಿದ್ದ ಚಾಲಕನನ್ನು ಹಿಡಿದು ಬಡಿಯುತ್ತೇವೆ. ಕಣ್ಣಿಗೆ ಬೀಳದವರು ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿರುತ್ತಾರೆ. ಇದು ನ್ಯಾಯವಲ್ಲ.

ಆದರೂ ಚಾಲಕನ ಪಾಲು ಸೊನ್ನೆಯಾಗುವುದಿಲ್ಲ. "ನಾನು ಒಯ್ಯದಿದ್ದರೆ ಇನ್ನೊಬ್ಬ ಒಯ್ಯುತ್ತಾನೆ" ಎಂಬ ಮಾತಿನಿಂದ ಯಾವ ತಪ್ಪೂ ಸರಿಯಾಗುವುದಿಲ್ಲ. ಅವನಿಗೆ ಹೊರೆಯನ್ನು ನಿರಾಕರಿಸುವ ಶಕ್ತಿ ಇಲ್ಲದಿರಬಹುದು. ಇಳಿದು ಸರಪಳಿ ಬಿಗಿಯುವ ಶಕ್ತಿ ಇದೆ. ಬೆಣೆ ಕೇಳುವ ಬಾಯಿ ಇದೆ. ರಸ್ತೆ ಬದಿ ನಿಲ್ಲಿಸುವಾಗ ಹಿಂದಿನ ದೀಪ ಉರಿಯುತ್ತಿದೆಯೇ ಎಂದು ನೋಡುವ ಕಣ್ಣಿದೆ. ಮೈಗೆ ತಾಗುವಂತೆ ಬಿಸಿ ಇದ್ದರೆ ಕ್ಲೀನರ್ ಹುಡುಗನಿಗೆ "ಮುಟ್ಟಬೇಡ ಮಗಾ" ಎನ್ನಲು ಯಾರ ಅಪ್ಪಣೆಯೂ ಬೇಡ. ದೇವರು ನಮ್ಮಿಂದ ಆಗದ್ದನ್ನು ಕೇಳುವುದಿಲ್ಲ. ಆಗುವಂಥದ್ದನ್ನು ಮಾಡಿದೆಯಾ ಎಂದು ಕೇಳುತ್ತಾನೆ.

ಮತ್ತೊಂದು ಮಾತು. ಹೊರೆ ಜಾರಿದರೆ ಮೊದಲು ಸಾಯುವವನು ಆ ಚಾಲಕನೇ ಆಗಿರಬಹುದು. ಅವನು ಸರಪಳಿ ಬಿಗಿಯುವುದು ಕಂಡರಿಯದ ದಾರಿಹೋಕನಿಗಾಗಿ ಮಾತ್ರವಲ್ಲ, ತನ್ನನ್ನು ಕಾಯುತ್ತಾ ಬಾಗಿಲಲ್ಲಿ ಕುಳಿತ ಮಕ್ಕಳಿಗಾಗಿಯೂ ಹೌದು. ತನ್ನ ಜೀವವನ್ನು ಅಗ್ಗವಾಗಿ ಕಾಣುವ ಹಕ್ಕು ಅವನಿಗೂ ಇಲ್ಲ.

ನಮ್ಮ ಮನೆಯಲ್ಲಿ ನಾವೇನು ಮಾಡಬಹುದು?

ಮೊದಲನೆಯದಾಗಿ, ಮನೆ ಕಟ್ಟಿಸುವವರು. ಸರಳುಗಳು ಸಾಮಾನ್ಯವಾಗಿ 12 ಮೀಟರ್ ಉದ್ದ ಇರುತ್ತವೆ. ಅವನ್ನು ಚಿಕ್ಕ ಟೆಂಪೋದಲ್ಲಿ ತುರುಕಿದರೆ ಅರ್ಧ ಭಾಗ ಹೊರಗೇ ಇರುತ್ತದೆ. ಅಂಗಡಿಯಲ್ಲಿ ಬೆಲೆ ಕೇಳುವಾಗ "ಹೇಗೆ ಕಳುಹಿಸುತ್ತೀರಿ?" ಎಂದೂ ಕೇಳಿ. ದೊಡ್ಡ ಗಾಡಿಗೆ ಇನ್ನಷ್ಟು ಬಾಡಿಗೆ ಆಗುವುದಾದರೆ ಕೊಡಿ. ಇಲ್ಲವೇ ಮಡಚಿಸಿ ಅಥವಾ ಕತ್ತರಿಸಿ ತರಿಸಿ. ರಾತ್ರಿಯೇ ಬರಬೇಕೆಂದು ಒತ್ತಾಯಿಸಬೇಡಿ. ಒಂದು ದಿನ ತಡವಾದರೆ ನಿಮ್ಮ ಮನೆಯ ಗೋಡೆ ಬಿದ್ದುಹೋಗುವುದಿಲ್ಲ.

ಎರಡನೆಯದಾಗಿ, ಕೆಲಸ ಮಾಡಿಸುವವರು. ನಿಮ್ಮ ಲಾರಿಯ ಸರಪಳಿಯನ್ನು ನೀವೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದಪ್ಪ ಚರ್ಮದ ಕೈಗವಸು, ಗಟ್ಟಿ ಬೂಟು, ಅಂಚಿನ ಮೂಲೆಪಟ್ಟಿ ಇವೆಲ್ಲ ದಾನವಲ್ಲ, ಕೂಲಿಯ ಹಾಗೆಯೇ ಕೆಲಸಗಾರನಿಗೆ ಸಲ್ಲಬೇಕಾದದ್ದು. ಹೊರೆ ಬಿಸಿಯಿದ್ದರೆ ಅದರ ಮೇಲೆ ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆದು ಅಂಟಿಸಿ. ಹೊರೆ ಒಪ್ಪದ ಚಾಲಕನನ್ನು ಹೇಡಿ ಎನ್ನಬೇಡಿ.

ಮೂರನೆಯದಾಗಿ, ದಾರಿಯಲ್ಲಿ ಹೋಗುವ ನಾವೆಲ್ಲ. ಕಬ್ಬಿಣ ಹೊತ್ತ ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ. ತಿರುವಿನಲ್ಲಿ ಅದರ ಪಕ್ಕ ನುಗ್ಗಬೇಡಿ. ಹೊರೆ ಸಡಿಲವಾಗಿರುವುದು ಕಂಡರೆ ಚಾಲಕನಿಗೆ ಕೈ ಸನ್ನೆ ಮಾಡಿ ತಿಳಿಸಿ. ಅವನು ನಿಮ್ಮನ್ನು ಬೈದರೂ ಬೈಯಲಿ.

ನಾಲ್ಕನೆಯದಾಗಿ, ಚಾಲಕರ ಮನೆಯವರು. ಹೊರಡುವಾಗ ಬುತ್ತಿ ಕಟ್ಟಿಕೊಡುವ ತಾಯಂದಿರೇ, ಹೆಂಡತಿಯರೇ, "ಬೇಗ ಬನ್ನಿ" ಎನ್ನಬೇಡಿ, "ನಿಧಾನ ಬನ್ನಿ" ಎನ್ನಿ. ಎಷ್ಟು ಸಂಪಾದನೆಯಾಯಿತು ಎಂದು ಕೇಳುವ ಮೊದಲು ದಾರಿಯಲ್ಲಿ ಎಷ್ಟು ಸಲ ಇಳಿದು ಹೊರೆ ನೋಡಿದಿರಿ ಎಂದು ಕೇಳಿ. ಮನೆಯವರ ಪ್ರಶ್ನೆಗೆ ಇರುವ ಬಲ ಯಾವ ನಿಯಮಕ್ಕೂ ಇಲ್ಲ.

ಪಾಪನಿವೇದನೆಗೆ ಮೊದಲು ಅಂತಃಸಾಕ್ಷಿಯನ್ನು ಪರೀಕ್ಷಿಸಿಕೊಳ್ಳುವಾಗ ನಾವು ಆಡಿದ ಸುಳ್ಳು, ಹಿಡಿದ ಸಿಟ್ಟು, ತಪ್ಪಿಸಿದ ಬಲಿಪೂಜೆ ಇವನ್ನು ನೆನೆಯುತ್ತೇವೆ. ಆತುರದಿಂದ, ಜಿಪುಣತನದಿಂದ, "ಏನೂ ಆಗುವುದಿಲ್ಲ ಬಿಡಿ" ಎಂಬ ಉದಾಸೀನದಿಂದ ನಾವು ಮಾಡದೆ ಬಿಟ್ಟದ್ದನ್ನೂ ಆ ಪಟ್ಟಿಗೆ ಸೇರಿಸೋಣ. ಏನೂ ಆಗದೆ ಹೋದ ದಿನಗಳಲ್ಲೂ ಆ ಉದಾಸೀನ ತಪ್ಪೇ ಆಗಿತ್ತು.

ಅನೇಕ ಲಾರಿಗಳ, ಕಾರುಗಳ ಒಳಗೆ ಸಂತ ಕ್ರಿಸ್ತೋಫರರ ಪುಟ್ಟ ಚಿತ್ರವಿರುವುದನ್ನು ನೀವು ನೋಡಿರುತ್ತೀರಿ. ಅವರು ಪ್ರಯಾಣಿಕರ ಪಾಲಕ. ಐತಿಹ್ಯದ ಪ್ರಕಾರ ಅವರ ಕೆಲಸವೇ ಹೊರೆ ಹೊರುವುದು. ಜನರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರು. ಒಂದು ದಿನ ಹೊತ್ತ ಮಗು ನಡುಹೊಳೆಯಲ್ಲಿ ತಾಳಲಾರದಷ್ಟು ಭಾರವಾಯಿತು. ಅವರು ಊರುಗೋಲನ್ನು ಗಟ್ಟಿಯಾಗಿ ಊರಿ, ಒಂದೊಂದೇ ಹೆಜ್ಜೆ ಇಟ್ಟು ದಡ ಸೇರಿಸಿದರು. ಆ ಮಗು ಪ್ರಭು ಕ್ರಿಸ್ತನೇ ಎಂದು ಆಮೇಲೆ ತಿಳಿಯಿತು.

ಅವರ ಚಿತ್ರವನ್ನು ಗಾಡಿಯಲ್ಲಿ ತೂಗುಹಾಕಿ, ಗುರುಗಳಿಂದ ಆಶೀರ್ವಾದ ಮಾಡಿಸಿ, ಆಮೇಲೆ ಹೊರೆಯನ್ನು ಕಟ್ಟದೆ ಹೊರಟರೆ ಸಂತರಿಗೆ ಮಾಡುವ ಗೌರವವಲ್ಲ. ಊರುಗೋಲು ಊರುವುದು ನಮ್ಮ ಕೆಲಸ. ಅದನ್ನು ಮಾಡಿದ ಮೇಲೂ ನಮ್ಮ ಕೈಮೀರಿದ್ದು ಏನಾದರೂ ಸಂಭವಿಸಿದರೆ, ಆಗ ಅಳುತ್ತಾ "ದೇವರ ಚಿತ್ತ" ಎಂದು ಹೇಳೋಣ. ಅದಕ್ಕೆ ಮೊದಲು ಒಮ್ಮೆ ಗಾಡಿಯಿಂದ ಇಳಿದು ಸರಪಳಿಯನ್ನು ಎಳೆದು ನೋಡೋಣ.